ಗುರುವಾರ ಮಾತ್ರ ನಿಲ್ಲುತ್ತಿದ್ದ ಕಾರು

ಊರಿನ ಶಾಂತಿ ಸುವ್ಯವಸ್ಥೆಗೆ ಧಕ್ಕೆ ತರುವ ಸಂಗತಿಗಳಲ್ಲಿ ದೊಂಬಿ, ದರೋಡೆ, ಕೊಲೆ ಮೊದಲಾದವು ಚಿಲ್ಲರೆ ಬಾಬತ್ತುಗಳು. ಅವಕ್ಕೆ ಕಾನೂನಿನಲ್ಲಿ ಕಲಮುಗಳಿವೆ, ಠಾಣೆಯಲ್ಲಿ ಅಚ್ಚಾದ ನಮೂನೆಗಳಿವೆ. ಕಲಮೂ ನಮೂನೆಯೂ ಇಲ್ಲದ ನಿಜವಾದ ಗಂಡಾಂತರವೊಂದು ತಿಂಗಳ ಮೂರನೇ ತಾರೀಖು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಠಾಣೆಯ ಮೆಟ್ಟಿಲು ಹತ್ತಿತು. ಒಂದು ಹಳೆಯ ಕಾರು ಓಡುತ್ತ ಓಡುತ್ತ ನಿಂತುಹೋಗುತ್ತಿತ್ತು.

ದೂರು ತಂದವನು ಡ್ರೈವಿಂಗ್ ಶಾಲೆಯ ಮಾಲೀಕ. ವಯಸ್ಸು ಐವತ್ತೆಂಟು. ಬೋರ್ಡಿನ ಮೇಲೆ ತನ್ನನ್ನು ಪ್ರಿನ್ಸಿಪಾಲ್ ಎಂದು ಬರೆಸಿಕೊಂಡಿದ್ದರಿಂದ ಊರೂ ಹಾಗೆಯೇ ಕರೆಯುತ್ತಿತ್ತು. ಶಾಲೆಯ ಒಟ್ಟು ಸಿಬ್ಬಂದಿ ಎಂದರೆ ಈ ಪ್ರಿನ್ಸಿಪಾಲ್ ಮತ್ತು ಅವನ ಹೆಂಡತಿ. ವಾಹನ ಒಂದೇ ಒಂದು. ದೂರು ನಾಲ್ಕು ಪುಟವಿತ್ತು. ಮೂರನೇ ಪುಟದಲ್ಲಿ ಸ್ಕೇಲಿಟ್ಟು ಗೀಚಿದ ನಕ್ಷೆಯಿತ್ತು.

ಇನ್ಸ್‌ಪೆಕ್ಟರ್ ನಕ್ಷೆಯನ್ನು ತಿರುಗಿಸಿ ನೋಡಿದರು. ಮತ್ತೆ ನೆಟ್ಟಗೆ ಹಿಡಿದರು.

"ಕಾರು ಎಷ್ಟು ವರ್ಷದ್ದು?"

"ಮೂವತ್ತೊಂದು."

"ಮೂವತ್ತೊಂದು ವರ್ಷದ ಕಾರು ನಿಲ್ಲದೆ ಇನ್ನೇನ್ರೀ ಮಾಡತ್ತೆ?"

"ಸಾರ್, ವಾರದಲ್ಲಿ ಆರು ದಿನ ಕುದುರೆ ಹಾಗೆ ಓಡತ್ತೆ. ಗುರುವಾರ ಮಾತ್ರ ನಿಲ್ಲತ್ತೆ."

"ಗುರುವಾರ ಅದಕ್ಕೆ ವಾರದ ರಜೆಯೋ?"

ಪ್ರಿನ್ಸಿಪಾಲ್ ನಗಲಿಲ್ಲ. ಅವನು ಪಾಠ ಮಾಡಿ ಮಾಡಿ, ತಾನು ಹೇಳಿದ್ದಕ್ಕೆ ಮಾತ್ರ ನಗುವ ಅಭ್ಯಾಸದವನು. ಗುರುವಾರ ಲೈಸೆನ್ಸ್ ಪರೀಕ್ಷೆಯ ದಿನ ಎಂದು ವಿವರಿಸಿದ. ಸಾರಿಗೆ ಕಚೇರಿಯ ಗೇಟಿನಿಂದ ಹೊರಟು, ಮಾರುಕಟ್ಟೆ ಸುತ್ತಿ, ಸೇತುವೆ ಹತ್ತಿ ಇಳಿದು ವಾಪಸು ಬರಲು ಇಪ್ಪತ್ತೈದು ನಿಮಿಷ. ಕಳೆದ ಐದು ಗುರುವಾರ ಐದು ಜನ ಶಿಷ್ಯರ ಕೈಯಲ್ಲಿ, ಹದಿನೆಂಟನೆಯದೋ ಇಪ್ಪತ್ತನೆಯದೋ ನಿಮಿಷಕ್ಕೆ, ಕಾರು ಮೂರು ಸಲ ಬಿಕ್ಕಿ ನಿಂತಿತ್ತು. ಐವರೂ ನಪಾಸು. ಸಾರಿಗೆ ಕಚೇರಿ ನೋಟಿಸು ಕೊಟ್ಟಿತ್ತು. ಇನ್ನೊಂದು ಸಲ ಹೀಗಾದರೆ ಇಪ್ಪತ್ತೆರಡು ವರ್ಷದ ಶಾಲೆಯ ಅನುಮತಿ ರದ್ದು.

"ಯಾರ ಮೇಲಾದರೂ ಅನುಮಾನ?"

"ಅನುಮಾನ ಅಲ್ಲ ಸಾರ್, ಖಾತ್ರಿ. ಗ್ಯಾರೇಜಿನ ಮೇಸ್ತ್ರಿ. ಪಂಪು ಬದಲಾಯಿಸಿದ, ಫಿಲ್ಟರ್ ಬದಲಾಯಿಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ. ಪ್ರತಿ ಸಲಾನೂ 'ಸರಿಹೋಯ್ತು ಪ್ರಿನ್ಸಿಪಾಲರೇ' ಅಂದ. FIR ಹಾಕಿ."

"ಕಾರು ಕೆಟ್ಟರೆ FIR ಹಾಕೋಕೆ ಬರಲ್ಲ. ಅರ್ಜಿ ಅಂತ ತಗೋತೀನಿ."

"FIR ಬೇಕೇ ಬೇಕು ಸಾರ್. ನಾನು ಕಾನೂನು ಓದಿಕೊಂಡಿದೀನಿ. ಒಂದು ಸಲ FIR ಆದ್ರೆ ಯಾರಿಗೂ ತಪ್ಪಿಸಿಕೊಳ್ಳೋಕಾಗಲ್ಲ."

ಸ್ವೀಕೃತಿ ಚೀಟಿ ಕೊಟ್ಟು ಕಳಿಸಲಾಯಿತು. ಸಮಯ 10.45.

ಠಾಣೆಯ ದಫೇದಾರರು ಅಲ್ಲಿಗೆ ಬರುವ ಮೊದಲು ಹದಿನಾಲ್ಕು ವರ್ಷ ಪೊಲೀಸ್ ಮೋಟಾರು ವಿಭಾಗದಲ್ಲಿ ಜೀಪುಗಳ ಹೊಟ್ಟೆಯಡಿ ಮಲಗಿ ಎದ್ದವರು. ಮನುಷ್ಯರ ಸಾಕ್ಷ್ಯದ ಮೇಲೆ ಅವರಿಗೆ ಅಂಥ ನಂಬಿಕೆಯಿರಲಿಲ್ಲ. ಎಂಜಿನ್ನು ಸುಳ್ಳು ಹೇಳುವುದಿಲ್ಲ ಎಂದು ಮಾತ್ರ ನಂಬಿದ್ದರು.

"ಎಂಜಿನ್ನು ನಿಲ್ಲೋಕೆ ಎರಡೇ ಕಾರಣ ಸಾರ್," ಎಂದರು. "ಒಂದು, ಕಿಡಿ ಇಲ್ಲ. ಇನ್ನೊಂದು, ಕುಡಿಯೋಕಿಲ್ಲ."

"ನಮ್ಮ ಪೇದೆಗಳ ಥರ."

"ಬಿಕ್ಕಿ ಬಿಕ್ಕಿ ನಿಲ್ತು ಅಂದ್ರೆ ಕುಡಿಯೋಕಿಲ್ಲ ಅಂತಲೇ. ಕಿಡಿ ಹೋದ್ರೆ ಒಂದೇ ಏಟಿಗೆ ಕಣ್ಣು ಮುಚ್ಚತ್ತೆ. ಟ್ಯಾಂಕಿಂದ ಕಾರ್ಬೊರೇಟರ್ ತನಕ ಎಲ್ಲೋ ಪೆಟ್ರೋಲಿಗೆ ಅಡ್ಡಗಾಲು."

"ಗುರುವಾರ ಮಾತ್ರ ಅಡ್ಡಗಾಲು ಹಾಕೋದು ಪೆಟ್ರೋಲಲ್ಲ ದಫೇದಾರ್ರೇ, ಮನುಷ್ಯ. ಹೋಗಿ ನೋಡ್ಕೊಂಡು ಬನ್ನಿ."

ಮಂಗಳವಾರ ಬೆಳಿಗ್ಗೆ 9.20ಕ್ಕೆ ದಫೇದಾರರು ಶಾಲೆಗೆ ಹೋದರು. ಶಾಲೆ ಎಂದರೆ ರಸ್ತೆಗೆ ಬಾಗಿಲಿದ್ದ ಒಂದೇ ಕೋಣೆ. ನಡುವೆ ಪ್ಲೈವುಡ್ಡಿನ ಅಡ್ಡಗೋಡೆ. ಆಚೆ ನಾಲ್ಕು ಬೆಂಚಿನ ಪಾಠದ ಜಾಗ, ಈಚೆ ಆಫೀಸು. ಆಫೀಸಿನ ಗೋಡೆಯ ತುಂಬ ಪಾಸಾದವರ ಅಂಗೈಯಗಲದ ಫೋಟೋಗಳು, ಸಾಲುಸಾಲಾಗಿ, ಸೂರಿನವರೆಗೆ. ಫೋಟೋಗಳ ಕೆಳಗೆ ಮೇಜಿನ ಮುಂದೆ ಪ್ರಿನ್ಸಿಪಾಲನ ಹೆಂಡತಿ ಅರ್ಜಿ ತುಂಬುತ್ತ ಕೂತಿದ್ದಳು. ನಲವತ್ತೊಂಬತ್ತರ ಹೆಂಗಸು, ಓದುವ ಕನ್ನಡಕ, ಬೆರಳಲ್ಲಿ ಶಾಯಿ. ಶಿಷ್ಯರೆಲ್ಲ ಆಕೆಯನ್ನು ಅಕ್ಕ ಎನ್ನುತ್ತಿದ್ದರು.

"ಕಾರಿನ ಉಸ್ತುವಾರಿ ಯಾರದು?" ದಫೇದಾರರು ಕೇಳಿದರು.

ಉತ್ತರ ಕೊಟ್ಟವನು ಗಂಡ. "ಗಾಜು ಒರೆಸೋದು, ಟೈರಿನ ಗಾಳಿ ನೋಡೋದು, ಟೆಸ್ಟಿನ ದಿನ ಕ್ಯಾನಿಂದ ಪೆಟ್ರೋಲ್ ತುಂಬೋದು ಇವಳು. ಓಡಿಸೋದು ನಾನು."

"ತಾವು ಓಡಿಸಲ್ವಾಮ್ಮ?"

ಅದಕ್ಕೂ ಗಂಡನೇ ನಕ್ಕ. "ಇವಳಾ? ಸೈಕಲ್ಲಿಗೇ ದಾರಿ ಬಿಡೋವಳು! ಸಾವಿರದ ಇನ್ನೂರು ಜನಕ್ಕೆ ಕಲಿಸಿದೀನಿ ದಫೇದಾರ್ರೇ, ಯಾರಿಗೆ ಬರತ್ತೆ ಯಾರಿಗೆ ಬರಲ್ಲ ಅಂತ ಕ್ಲಚ್ಚಿನ ಮೇಲೆ ಕಾಲಿಟ್ಟಾಗಲೇ ಹೇಳ್ತೀನಿ."

ಹೆಂಡತಿ ಅರ್ಜಿಯಲ್ಲಿ ಯಾರದೋ ಹುಟ್ಟಿದ ತಾರೀಖು ಬರೆಯುತ್ತಿದ್ದಳು.

ದಫೇದಾರರು ಕಾರನ್ನು ಒಂದು ಗಂಟೆ ಐವತ್ತು ನಿಮಿಷ ಓಡಿಸಿದರು. ಸೇತುವೆಯನ್ನು ಆರು ಸಲ ಹತ್ತಿ ಇಳಿಸಿದರು. ಮಾರುಕಟ್ಟೆಯ ಸಂದಣಿಯಲ್ಲಿ ಬೇಕೆಂದೇ ಕಾಯಿಸಿದರು. ಕಾರು ಒಮ್ಮೆಯೂ ಬಿಕ್ಕಲಿಲ್ಲ. ವರದಿಯಲ್ಲಿ ಅವರು ಬರೆದದ್ದು ಇಷ್ಟೇ: "ವಾಹನ ಆರೋಗ್ಯವಾಗಿದೆ. ಮಾಲೀಕ ಮಾತು ಜಾಸ್ತಿ."

ಬುಧವಾರ 11.00ಕ್ಕೆ ಇನ್ಸ್‌ಪೆಕ್ಟರ್ ಖುದ್ದಾಗಿ ಮೇಸ್ತ್ರಿಯ ಗ್ಯಾರೇಜಿಗೆ ಹೋದರು. ಮೇಸ್ತ್ರಿ ಅರವತ್ತರ ಮುದುಕ. ಬೋನೆಟ್ಟಿನೊಳಗಿಂದ ತಲೆ ಹೊರಗೆ ತೆಗೆಯುವ ಮೊದಲೇ ಮಾತು ಶುರು ಮಾಡುವವನು.

"ನಾನು ಏನು ಮಾಡಿದೆ ಅಂತ ಕೇಳಬೇಡಿ ಸಾರ್, ಏನು ಮಾಡಲಿಲ್ಲ ಅಂತ ಕೇಳಿ. ಮೊದಲ ವಾರ ಫಿಲ್ಟರ್ ಬಿಚ್ಚಿದೆ. ಕನ್ನಡಿ ಥರ ಇತ್ತು, ಆದ್ರೂ ಹೊಸದು ಹಾಕಿದೆ. ಎರಡನೇ ವಾರ ಪಂಪಿನ ರಬ್ಬರು ಪದರ. ಮೂರನೇ ವಾರ ಕಾರ್ಬೊರೇಟರ್. ನಾಲ್ಕನೇ ವಾರ ಟ್ಯಾಂಕೇ ಇಳಿಸಿ ಕಸ ಇದೆಯಾ ನೋಡಿದೆ. ಐದನೇ ವಾರ ಪೈಪಿಗೆ ಗಾಳಿ ಹೊಡೆದೆ, ಎದುರಿಗಿದ್ದವನ ಟೋಪಿ ಹಾರಿಹೋಯ್ತು."

"ಆದರೂ ನಿಲ್ತು."

"ಅದು ನಿಲ್ಲೋದು ಸೇತುವೆ ಮೇಲೆ. ನನ್ನ ಹತ್ರ ಬರೋದು ಓಡಿಕೊಂಡು. ಕೆಮ್ಮು ನಿಂತ ಮೇಲೆ ಡಾಕ್ಟರ ಹತ್ರ ಹೋಗಿ, ಕೆಮ್ಮಿತ್ತು ಅಂದ್ರೆ ಏನು ಔಷಧಿ ಕೊಡ್ತಾರೆ? ಸಿಕ್ಕಿದ್ದನ್ನೆಲ್ಲ ಕೊಡ್ತಾರೆ."

"ಸರಿಹೋಯ್ತು ಅಂತ ಯಾಕೆ ಹೇಳಿದೆ?"

ಮೇಸ್ತ್ರಿ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ. "ಸಾರ್, ಮೂವತ್ತೆಂಟು ವರ್ಷದಿಂದ ಈ ಕೆಲಸದಲ್ಲಿದೀನಿ. ಗೊತ್ತಾಗಲಿಲ್ಲ ಅಂದ ಮೇಸ್ತ್ರಿ ಹತ್ರ ಮಾರನೇ ದಿನ ಯಾರು ಬರ್ತಾರೆ?"

ಇನ್ಸ್‌ಪೆಕ್ಟರಿಗೆ ಈ ತರ್ಕ ಪರಿಚಿತವಾಗಿಯೇ ಇತ್ತು. ತಮ್ಮ ಇಲಾಖೆಯೂ ಬಹುಮಟ್ಟಿಗೆ ಅದರ ಮೇಲೆಯೇ ನಡೆಯುತ್ತಿತ್ತು.

ಗುರುವಾರ, ಆರನೇ ತಾರೀಖು. ಪರೀಕ್ಷೆಗೆ ಕೂತವಳು ಜಾಮ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹೆಂಗಸು. ಪಕ್ಕದ ಸೀಟಿನಲ್ಲಿ ಸಾರಿಗೆ ಕಚೇರಿಯ ಪರೀಕ್ಷಾಧಿಕಾರಿ. ಈತ ಕೆಂಪು ಶಾಯಿಯ ಪೆನ್ನನ್ನು ಬಿಟ್ಟರೆ ಬೇರೆ ಪೆನ್ನು ಇಟ್ಟುಕೊಂಡವನಲ್ಲ. ಹಿಂದೆ ಸ್ಕೂಟರಿನಲ್ಲಿ ಪ್ರಿನ್ಸಿಪಾಲ್, ಅವನ ಹಿಂದೆ ಮೋಟಾರು ಸೈಕಲ್ಲಿನಲ್ಲಿ ಸಾದಾ ಉಡುಪಿನ ದಫೇದಾರರು. 10.32ಕ್ಕೆ ಹೊರಟ ಕಾರು ಮಾರುಕಟ್ಟೆಯನ್ನು ಸುಸೂತ್ರವಾಗಿ ಸುತ್ತಿತು. 10.51ಕ್ಕೆ ಸೇತುವೆಯ ಏರಿನಲ್ಲಿ ಮೂರು ಸಲ ಬಿಕ್ಕಿತು, ನಿಂತಿತು, ಎರಡು ಮಾರು ಹಿಂದಕ್ಕೆ ಜಾರಿತು. ಸ್ಕೂಟರು ಪಕ್ಕಕ್ಕೆ ಹಾರಿತು. ಹಿಂದಿನಿಂದ ಇಬ್ಬರನ್ನೂ ದಾಟಿಕೊಂಡು ಬರುತ್ತಿದ್ದ ಹಾಲಿನ ವ್ಯಾನಿಗೆ ಹಾರಲು ಜಾಗವಿರಲಿಲ್ಲ.

ಕಾರಿಗೆ ಆದದ್ದು ಹಿಂಬದಿಯ ಬಂಪರು ನೆಗ್ಗಿದ್ದು ಮಾತ್ರ. ಪರೀಕ್ಷಾಧಿಕಾರಿಯ ಭುಜದ ಮೂಳೆ ಮುರಿಯಿತು.

ದಫೇದಾರರು ಗಾಯಾಳುವನ್ನು ಇಳಿಸುವ ಹೊತ್ತಿಗೆ ಪ್ರಿನ್ಸಿಪಾಲ್ ಕಾರಿನ ಹಿಂದೆ ನಿಂತು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸುತ್ತಿದ್ದ. ಕಾರು ನಿಂತರೆ ಮೊದಲು ಪೆಟ್ರೋಲ್ ನೋಡು ಎಂಬುದು ಅವನ ಶಾಲೆಯ ಮೊದಲ ಸೂತ್ರ. "ನೋಡ್ರೀ, ಎಲ್ಲರೂ ನೋಡ್ರೀ! ಕತ್ತಿನ ತನಕ ಇದೆ ಪೆಟ್ರೋಲ್!" ಎಂದು ಕೂಗಿದ. ಮುಚ್ಚಳ ಹಾಕಿ, ಒಳಗೆ ಕೂತು ಕೀಲಿ ತಿರುಗಿಸಿದ. ಕಾರು ಮೊದಲ ತಿರುವಿಗೇ ಚಾಲೂ ಆಯಿತು. ಸೇತುವೆಯ ಎರಡೂ ಬದಿ ವಾಹನಗಳು ಬೊಬ್ಬೆ ಹೊಡೆಯುತ್ತಿದ್ದವು. ಅವನು ಕಾರನ್ನು ಶಾಲೆಗೆ ಓಡಿಸಿಕೊಂಡು ಹೋಗುವುದನ್ನು ದಫೇದಾರರು ಆಂಬ್ಯುಲೆನ್ಸಿನ ಬಾಗಿಲಲ್ಲಿ ನಿಂತು ನೋಡಿದರು, ತಡೆಯಲಿಲ್ಲ. ಆ ತಪ್ಪನ್ನು ಅವರು ಆಮೇಲೆ ತಾವಾಗಿಯೇ ಡೈರಿಯಲ್ಲಿ ಬರೆದರು.

ಮಧ್ಯಾಹ್ನ 12.30ಕ್ಕೆ FIR ದಾಖಲಾಯಿತು. ದುರುದ್ದೇಶದಿಂದ ವಾಹನ ಕೆಡಿಸಿದ್ದು, ಜೀವಕ್ಕೆ ಅಪಾಯ ತಂದದ್ದು, ಸರ್ಕಾರಿ ನೌಕರನಿಗೆ ತೀವ್ರ ಗಾಯ. ಪ್ರಿನ್ಸಿಪಾಲ್ ಕಾಗದವನ್ನು ಎರಡು ಸಲ ಓದಿ, ಒಂದು ಕಾಗುಣಿತ ತಿದ್ದಿಸಿ, ಸಹಿ ಹಾಕಿದ. ಸಾರಿಗೆ ಕಚೇರಿಯಿಂದ ಆಗಲೇ ಫೋನು ಬಂದಿತ್ತು. ಇನ್ನೊಬ್ಬರ ಕೈವಾಡ ಎಂದು ಪೊಲೀಸರು ಹತ್ತು ದಿನದೊಳಗೆ ಬರೆದು ಕೊಡದಿದ್ದರೆ ಶಾಲೆ ಮುಚ್ಚಬೇಕು.

"ಈಗಲಾದರೂ ಮೇಸ್ತ್ರೀನ ಹಿಡೀತೀರಾ?"

ಹಿಡಿದರು. ಬೇರೆ ಹೆಸರಿರಲಿಲ್ಲ. ಮೇಸ್ತ್ರಿ ಗ್ಯಾರೇಜಿನ ಶಟರು ಎಳೆದು, ಬೀಗದ ಕೈಯನ್ನು ಪಕ್ಕದ ಕ್ಷೌರಿಕನಿಗೆ ಕೊಟ್ಟು, ಏನೂ ಮಾತಾಡದೆ ಜೀಪು ಹತ್ತಿದ. ಮಾತಿಲ್ಲದ ಮೇಸ್ತ್ರಿಯನ್ನು ಆ ಬೀದಿ ಮೊದಲ ಸಲ ನೋಡಿತು.

3.15ಕ್ಕೆ ಶಾಲೆಯ ಮುಂದೆ ಪಂಚನಾಮೆ ಮಾಡಿ ಕಾರನ್ನು ವಶಕ್ಕೆ ಪಡೆಯಲಾಯಿತು. ಪಂಚರು ಇಬ್ಬರು, ಆ ಕ್ಷೌರಿಕ ಮತ್ತು ಜೆರಾಕ್ಸ್ ಅಂಗಡಿಯವನು. ಪಟ್ಟಿಯಲ್ಲಿ ಮಹಿಳಾ ಪೇದೆ ಒಂದೊಂದೇ ಬರೆದಳು: ಸ್ಟೆಪ್ನಿ ಒಂದು, ಜಾಕು ಒಂದು, ಇಂಧನ ಟ್ಯಾಂಕಿನ ಮುಚ್ಚಳ ಒಂದು, ಕಲಿಕೆಯ ಕೆಂಪು ಅಕ್ಷರದ ಫಲಕ ಎರಡು. ಪ್ರಿನ್ಸಿಪಾಲನ ಹೆಂಡತಿ ಎಲ್ಲರಿಗೂ ಕುಡಿಯಲು ನೀರು ತಂದಿಟ್ಟಳು. ಮೇಸ್ತ್ರಿಯನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿದಳು. ಲಾಕಪ್ಪಿನಲ್ಲಿ ಎಂದು ಪೇದೆ ಹೇಳಿದಾಗ ಒಂದು ಲೋಟ ಕೈತಪ್ಪಿ ಬಿತ್ತು. ಸ್ಟೀಲಿನದು, ಒಡೆಯಲಿಲ್ಲ.

ಠಾಣೆಯ ಅಂಗಳದಲ್ಲಿ ದಫೇದಾರರು ಕಾರಿನ ಎಂಜಿನ್ನನ್ನು ಎರಡು ಗಂಟೆ ಚಾಲೂ ಇಟ್ಟು ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಅದು ಗುರ್ ಗುರ್ ಎನ್ನುತ್ತ ಸುಖವಾಗಿ ಓಡಿತು. "ಹೇಳೇ, ಹೇಳು," ಎಂದು ಅವರು ಅದನ್ನು ಗದರಿಸಿದ್ದನ್ನು ಪೇದೆ ಕೇಳಿಸಿಕೊಂಡಳು.

ಶುಕ್ರವಾರ ಬೆಳಿಗ್ಗೆ 10.00ಕ್ಕೆ ಜಾಮ್ ಕಾರ್ಖಾನೆಯ ಹೆಂಗಸು ಹೇಳಿಕೆ ಕೊಡಲು ಬಂದಳು. ಲೈಸೆನ್ಸ್ ಸಿಕ್ಕಿದ್ದರೆ ಆಕೆಗೆ ಕಾರ್ಖಾನೆಯ ಸಣ್ಣ ಲಾರಿಯ ಮೇಲೆ ಕೆಲಸ ಸಿಗುತ್ತಿತ್ತು. ಈಗ ಮತ್ತೆ ಬಾಟಲಿಗಳ ಸಾಲಿಗೇ.

"ಕಾರು ನಿಂತಾಗ ನೀವೇನು ಮಾಡಿದ್ರಿ?"

"ಬ್ರೇಕ್ ಒತ್ತಿದೆ ಸಾರ್. ಅಷ್ಟರಲ್ಲಿ ಧಡ್ ಅಂತು. ಅಧಿಕಾರಿಗಳು ಅಮ್ಮಾ ಅಂದ್ರು. ಅವರ ಬಾಯಲ್ಲಿ ಆ ಮಾತು ಬರತ್ತೆ ಅಂತ ಗೊತ್ತಿರಲಿಲ್ಲ."

"ಆಮೇಲೆ?"

"ಇಳಿದು ಹಿಂದೆ ಬಂದೆ. ಪ್ರಿನ್ಸಿಪಾಲ್ ಸಾರ್ ಮುಚ್ಚಳ ತೆಗೀತಿದ್ರು. ಉಸ್ಸ್ ಅಂತ ಗಾಳಿ ಒಳಗೆ ಹೋಯ್ತು. ಸೀಲು ಚೆನ್ನಾಗಿದೆ ಅಂದ್ಕೊಂಡೆ."

ದಫೇದಾರರು ಬಾಗಿಲಲ್ಲಿ ನಿಂತಿದ್ದವರು ಒಳಗೆ ಬಂದರು. "ಏನು ಸೀಲು?"

"ನಮ್ಮ ಕಾರ್ಖಾನೇಲಿ ನನ್ನ ಕೆಲಸ ಅದೇ ಅಲ್ವಾ ಸಾರ್. ನೂರಕ್ಕೊಂದು ಬಾಟಲಿ ಎತ್ತಿಕೊಂಡು ಮುಚ್ಚಳ ತೆಗೀಬೇಕು. ಉಸ್ಸ್ ಅಂದ್ರೆ ಒಳಗೆ ಗಾಳಿ ಇಲ್ಲ, ಬಿಗಿಯಾಗಿದೆ, ಪಾಸು. ಸದ್ದು ಬರಲಿಲ್ಲಾಂದ್ರೆ ಎಲ್ಲೋ ತೂತು, ನಪಾಸು. ಏಳು ವರ್ಷದಿಂದ ಅದನ್ನೇ ಕೇಳ್ತಿದೀನಿ. ಕಾರಿಗೂ ಹಾಗೇ ಇರತ್ತೇನೋ ಅಂದ್ಕೊಂಡೆ."

"ಇರಬಾರದು ತಾಯಿ," ಎಂದರು ದಫೇದಾರರು. "ಕಾರಿಗೆ ಹಾಗೆ ಇರಲೇಬಾರದು."

ಅವರು ಅಂಗಳಕ್ಕೆ ಓಡಿ ಕಾರಿನ ಮುಚ್ಚಳ ಬಿಚ್ಚಿ ತಂದು ಇನ್ಸ್‌ಪೆಕ್ಟರ ಮೇಜಿನ ಮೇಲಿಟ್ಟರು. ಹಳೆಯ ಕಾರಿನ ಟ್ಯಾಂಕಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಪಂಪು ಪೆಟ್ರೋಲನ್ನು ಎಳೆದಂತೆ ಖಾಲಿಯಾದ ಜಾಗಕ್ಕೆ ಆ ತೂತಿನಿಂದ ಗಾಳಿ ಬರಬೇಕು. ತೂತು ಮುಚ್ಚಿದರೆ ಟ್ಯಾಂಕು ಉಸಿರು ಬಿಗಿಹಿಡಿದ ಹಾಗೆ, ಒಳಗಿನದನ್ನು ಬಿಟ್ಟುಕೊಡುವುದಿಲ್ಲ. ತುಂಬಿದ ಟ್ಯಾಂಕಿನಲ್ಲಿ ಗಾಳಿ ಕಡಿಮೆ, ಆದ್ದರಿಂದ ಬೇಗ ಬಿಗಿಯುತ್ತದೆ. ಇಪ್ಪತ್ತು ನಿಮಿಷ ಸಾಕು.

"ಮತ್ತೆ ಮೇಸ್ತ್ರಿಗೆ ಯಾಕೆ ಸಿಗಲಿಲ್ಲ?"

"ಯಾರಿಗೂ ಸಿಗಲ್ಲ ಸಾರ್! ಕಾರು ನಿಂತ ಕೂಡಲೇ ಈ ಪುಣ್ಯಾತ್ಮ ಮೊದಲು ಮಾಡೋ ಕೆಲಸವೇ ಮುಚ್ಚಳ ತೆಗೆಯೋದು. ಗಾಳಿ ಒಳಗೆ ಹೋಯ್ತು, ರೋಗವೂ ಹೋಯ್ತು. ಸಾಕ್ಷೀನ ತನ್ನ ಕೈಯಾರೆ ಅಳಿಸಿ, ಆಮೇಲೆ ಕಳ್ಳನ್ನ ಹುಡುಕಿ ಅಂತಾನೆ."

ಮಹಿಳಾ ಪೇದೆ ಕಾಗದಕ್ಕೆ ಚುಚ್ಚಿದ್ದ ಗುಂಡುಸೂಜಿ ತೆಗೆದು ಮುಚ್ಚಳದ ತೂತಿಗೆ ತೂರಿಸಿದಳು. ಸೂಜಿ ಸಲೀಸಾಗಿ ಆಚೆ ಬಂತು.

"ತೂತು ತೆರೆದೇ ಇದೆಯಲ್ಲ ಸಾರ್."

ಇನ್ಸ್‌ಪೆಕ್ಟರ್ ಆ ಸೂಜಿಯನ್ನು ಎಳೆದು ಮೇಜಿನ ಮೇಲಿಟ್ಟರು. "ಹಾಗಾದರೆ ಇದು ನಿನ್ನೆ ಸೇತುವೆ ಮೇಲಿದ್ದ ಮುಚ್ಚಳ ಅಲ್ಲ. ಇನ್ನೊಂದಿದೆ."

ಸೇತುವೆಯಿಂದ ಕಾರು ಹೊರಟದ್ದು ಸುಮಾರು 11.10ಕ್ಕೆ. ವಶಕ್ಕೆ ಪಡೆದದ್ದು 3.15ಕ್ಕೆ. ನಡುವೆ ನಾಲ್ಕು ಗಂಟೆ ಅದು ನಿಂತಿದ್ದದ್ದು ಶಾಲೆಯ ಬಾಗಿಲಲ್ಲಿ, ಗ್ಯಾರೇಜಿನಲ್ಲಲ್ಲ.

ಮೇಸ್ತ್ರಿಯನ್ನು ಹೊರಗೆ ಕರೆಸಿ ಕೂರಿಸಿದರು.

"ಈ ಕಾರಿಗೆ ಇನ್ನೊಂದು ಮುಚ್ಚಳ ನೀನು ಯಾರಿಗಾದರೂ ಕೊಟ್ಟಿದ್ಯಾ?"

ಮೇಸ್ತ್ರಿ ಗೋಡೆಯ ಕಡೆ ನೋಡಿದ. "ನೆನಪಿಲ್ಲ ಸಾರ್."

"ಮೂವತ್ತೆಂಟು ವರ್ಷದ ಹಿಂದಿನ ನಟ್ಟು ಬೋಲ್ಟು ನೆನಪಿರೋ ಮನುಷ್ಯ ನೀನು."

"ಸಾರ್, ಅಕ್ಕ ಅಂಥವರಲ್ಲ."

"ಅಕ್ಕ ಅಂತ ನಾನು ಹೇಳಲಿಲ್ಲವಲ್ಲ."

ಮುದುಕ ಕಣ್ಣು ಮುಚ್ಚಿಕೊಂಡ. "ಎರಡು ತಿಂಗಳ ಹಿಂದೆ ಒಂದು ಹಳೇದು ಕೇಳಿದ್ರು. ಸ್ಪೇರ್ ಇರಲಿ ಅಂತ. ಗುಜರಿ ಡಬ್ಬದಿಂದ ತೆಗೆದು ಕೊಟ್ಟೆ. ಹದಿನಾರು ವರ್ಷದಿಂದ ನನ್ನ ಜೊತೆ ಬಹುವಚನದಲ್ಲಿ ಮಾತಾಡಿದ ಗಿರಾಕಿ ಅವರೊಬ್ಬರೇ ಸಾರ್."

ಮಧ್ಯಾಹ್ನ 2.20ಕ್ಕೆ ಶೋಧನೆಗೆ ಹೋದಾಗ ಪ್ರಿನ್ಸಿಪಾಲ್ ಅಡ್ಡಗೋಡೆಯಾಚೆ ಪಾಠದಲ್ಲಿದ್ದ. ಕಾರು ಠಾಣೆಯಲ್ಲಿದ್ದುದರಿಂದ ಅವನಿಗೆ ಉಳಿದದ್ದು ಬಾಯಿಪಾಠ ಮಾತ್ರ. ಆರನೆಯ ಪಾಠ, ಇಂಧನದ ದಾರಿ. ಗೋಡೆಯ ಚಿತ್ರಕ್ಕೆ ಕೋಲು ತಾಗಿಸಿ ಗಿಣಿಯಂತೆ ಒಪ್ಪಿಸುತ್ತಿದ್ದ ದನಿ ಈಚೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. "ಟ್ಯಾಂಕಿನ ಮುಚ್ಚಳಕ್ಕೆ ಸೂಜಿಮೊನೆಯಷ್ಟು ತೂತು. ಇದು ಮುಚ್ಚಿದರೆ ಪೆಟ್ರೋಲ್ ಬರುವುದಿಲ್ಲ, ಎಂಜಿನ್ನು ನಿಲ್ಲುತ್ತದೆ. ಬರ್ಕೊಳ್ಳಿ."

ದಫೇದಾರರು ಹಣೆ ಚಚ್ಚಿಕೊಳ್ಳಲು ಎತ್ತಿದ ಕೈಯನ್ನು ಇನ್ಸ್‌ಪೆಕ್ಟರ ಮುಖ ನೋಡಿ ಇಳಿಸಿದರು.

ಹೆಂಡತಿ ಮೇಜಿನ ಮುಂದೆ ಕೂತಿದ್ದಳು. ಮುಂದೆ ಅರ್ಜಿಗಳಿರಲಿಲ್ಲ. ಇನ್ಸ್‌ಪೆಕ್ಟರ್ ಬಾಯಿ ತೆರೆಯುವ ಮೊದಲೇ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು.

"ಕೆಳಗಿನ ಡ್ರಾಯರ್. ನಾನೇ ಬರೋಣ ಅಂತಿದ್ದೆ. ಮೇಸ್ತ್ರಿಗಳನ್ನ ಬಿಟ್ಟುಬಿಡಿ."

"ಅವರು ಹೊರಗಿದ್ದಾರೆ."

"ಊಟ ಆಯ್ತಾ ಅವರದ್ದು?"

"ಆಯ್ತು."

ಡ್ರಾಯರಿನಲ್ಲಿ ಗಾಜು ಒರೆಸುವ ಬಟ್ಟೆಯಲ್ಲಿ ಸುತ್ತಿದ್ದ ಮುಚ್ಚಳ ಸಿಕ್ಕಿತು. ತೂತಿಗೆ ಒಳಗಿನಿಂದ, ಸೋರುವ ನಲ್ಲಿಗೆ ಮೆತ್ತುವ ಅಂಟನ್ನು ನೀಟಾಗಿ ಮೆತ್ತಿ ಉಜ್ಜಿ ನುಣುಪು ಮಾಡಲಾಗಿತ್ತು. ಅದರ ಕೆಳಗೆ ಒಂದು ಲಕೋಟೆ. ಮಹಿಳಾ ಪೇದೆ ಅದರಲ್ಲಿದ್ದ ಕಾಗದಗಳನ್ನು ಪಂಚರ ಎದುರಿಗೆ ಒಂದೊಂದಾಗಿ ಹರಡಿದಳು. ಕಲಿಕಾ ಲೈಸೆನ್ಸುಗಳು. ಒಟ್ಟು ಹನ್ನೊಂದು. ಹನ್ನೊಂದೂ ಒಂದೇ ಹೆಸರಿನವು. ಪ್ರತಿಯೊಂದಕ್ಕೂ ಆರು ತಿಂಗಳ ಅವಧಿ, ಪ್ರತಿಯೊಂದೂ ಅವಧಿ ಮುಗಿದದ್ದು. ಮೊದಲನೆಯದರ ಫೋಟೋದಲ್ಲಿ ಎರಡು ಜಡೆಯ ಇಪ್ಪತ್ತೇಳರ ಹುಡುಗಿ ನಗು ತಡೆದುಕೊಂಡು ಕೂತಿದ್ದಳು. ಹನ್ನೊಂದನೆಯದರಲ್ಲಿ ಕನ್ನಡಕ ಬಂದಿತ್ತು.

ಗದ್ದಲ ಕೇಳಿ ಪ್ರಿನ್ಸಿಪಾಲ್ ಕೋಲು ಹಿಡಿದೇ ಈಚೆ ಬಂದ. ಮುಚ್ಚಳ ನೋಡಿದ, ಹೆಂಡತಿಯನ್ನು ನೋಡಿದ. ಮುಚ್ಚಳವನ್ನು ಅರ್ಥ ಮಾಡಿಕೊಳ್ಳಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ನೀನಾ? ಇದೆಲ್ಲ ನಿನಗೆ ಯಾರು ಹೇಳಿಕೊಟ್ಟರು?"

"ನೀವೇ. ಇಪ್ಪತ್ತೆರಡು ವರ್ಷದಿಂದ ದಿನಾ ಈ ಹಲಗೆ ಆಚೆಯಿಂದ."

"ಕಲೀಬೇಕು ಅಂತ ಅಷ್ಟು ಆಸೆ ಇದ್ದಿದ್ರೆ ಕೇಳಬಾರದಿತ್ತಾ? ನಾನು ಕಲಿಸ್ತಿರಲಿಲ್ವಾ?"

ಆಕೆ ಮೇಜಿನ ಮೇಲಿದ್ದ ಹನ್ನೊಂದು ಕಾಗದಗಳ ಕಡೆ ಕೈ ತೋರಿಸಿದಳು. "ಪ್ರತಿ ಸಲಾನೂ ನಿಮ್ಮ ಕೈಗೆ ಕೊಟ್ಟಿದೀನಿ. ಪ್ರತಿ ಸಲಾನೂ ಇದೇ ಬೆಂಚಿನವರ ಮುಂದೆ ಓದಿ ಹೇಳಿ ನಗಿಸಿದೀರಿ."

ಬೆಂಚಿನವರು ಅಡ್ಡಗೋಡೆಯ ಅಂಚಿನಲ್ಲಿ ನಿಂತಿದ್ದರು. ಈ ಸಲ ಯಾರೂ ನಗಲಿಲ್ಲ.

ಪ್ರಿನ್ಸಿಪಾಲ್ ಇನ್ಸ್‌ಪೆಕ್ಟರ ಕಡೆ ತಿರುಗಿದ. "ಸಾರ್, ಇದು ಮನೆ ವಿಷಯ. ಊರಲ್ಲಿ ನನ್ನ ಮಾನ ಏನಾಗಬೇಕು? ನನ್ನ ದೂರು ನಾನು ವಾಪಸ್ ತಗೋತೀನಿ."

"ಬರಲ್ಲ. ಸರ್ಕಾರಿ ನೌಕರನ ಮೂಳೆ ಮುರಿದಿದೆ. ಕಾನೂನು ಓದಿಕೊಂಡಿದೀನಿ ಅಂದಿರಲ್ಲ."

3.05ಕ್ಕೆ ಆಕೆಯನ್ನು ದಸ್ತಗಿರಿ ಮಾಡಲಾಯಿತು. ಹೊರಡುವ ಮೊದಲು ಆಕೆ ಮೇಜಿನ ಮೇಲಿದ್ದ ಶಾಯಿಬಾಟಲಿಯ ಮುಚ್ಚಳ ಬಿಗಿ ಮಾಡಿ, ಫ್ಯಾನು ಆರಿಸಿದಳು.

ಜೀಪು ಓಡಿಸುತ್ತಿದ್ದವಳು ಮಹಿಳಾ ಪೇದೆ. ಹಿಂದಿನ ಸೀಟಿನಲ್ಲಿ ಕೂತ ಆರೋಪಿ ರಸ್ತೆ ನೋಡಲಿಲ್ಲ, ಪೇದೆಯ ಎಡಗೈ ನೋಡುತ್ತಿದ್ದಳು. ಸೇತುವೆ ಇಳಿಯುವಾಗ ಮೆಲ್ಲಗೆ ಹೇಳಿದಳು, "ಎರಡರಲ್ಲೇ ಎಳೀತಿದೀಯಮ್ಮ. ಮೂರಕ್ಕೆ ಹಾಕು. ಎಂಜಿನ್ನು ಅಳ್ತಾ ಇದೆ."

ಪೇದೆ ಮೂರನೇ ಗೇರಿಗೆ ಹಾಕಿದಳು. ಜೀಪಿನ ಸದ್ದು ತಗ್ಗಿತು.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಇನ್ಸ್‌ಪೆಕ್ಟರ್ ಕೇಳಿದರು. "ಇಪ್ಪತ್ತೆರಡು ವರ್ಷ ಸುಮ್ಮನಿದ್ರಿ. ಈಗ ಯಾಕೆ?"

"ನನ್ನ ನಾದಿನಿ ರಜಕ್ಕೆ ಬಂದಿದ್ದಳು. ಹನ್ನೆರಡು ದಿನದಲ್ಲಿ ಕಲಿಸಿಬಿಟ್ಟರು. ಅವಳ ಫೋಟೋ ಗೋಡೆಗೆ ಅಂಟಿಸು ಅಂತ ನನ್ನ ಕೈಗೇ ಕೊಟ್ಟು, ತಲೆ ಇದ್ದವರಿಗೆ ಹನ್ನೆರಡು ದಿನ ಸಾಕು ಅಂದ್ರು. ಅಂಟಿಸಿದೆ."

"ಆ ಶಿಷ್ಯರು ನಿಮಗೇನು ಮಾಡಿದ್ದರು?"

"ಏನೂ ಮಾಡಿಲ್ಲ. ಎಲ್ಲ ಒಳ್ಳೆಯವರು. ಪ್ರತಿ ಗುರುವಾರ ಒಬ್ಬರು ಪಾಸಾಗಿ ಪೇಡೆ ಡಬ್ಬ ಹಿಡ್ಕೊಂಡು ಬರ್ತಿದ್ರು. ಅಕ್ಕ ಬಾಯಿ ತೆಗೀರಿ ಅನ್ನೋರು. ಎಷ್ಟು ಅಂತ ತೆಗೀಲಿ ಸಾರ್." ಆಕೆ ಬೆರಳಿನ ಶಾಯಿ ಉಜ್ಜಿಕೊಂಡಳು. "ಗುರುವಾರ ಪೆಟ್ರೋಲ್ ತುಂಬೋವಾಗ ಆ ಮುಚ್ಚಳ ಹಾಕಿ, ಕಾರು ವಾಪಸ್ ಬಂದ ಮೇಲೆ ಬದಲಾಯಿಸ್ತಿದ್ದೆ. ಕಾರು ನಿಲ್ಲತ್ತೆ, ಶಾಲೆ ಮುಚ್ಚತ್ತೆ, ಅಷ್ಟೇ ಅಂದ್ಕೊಂಡಿದ್ದೆ. ಯಾರಿಗಾದರೂ ಪೆಟ್ಟಾಗತ್ತೆ ಅಂತ ಹೊಳೀಲಿಲ್ಲ. ನಾನು ಕಾರು ಓಡಿಸಿದವಳಲ್ಲವಲ್ಲ."

ದಫೇದಾರರು ಆ ಕೊನೆಯ ವಾಕ್ಯವನ್ನು ಬರೆಯಬೇಕೇ ಎಂದು ಕಣ್ಣಲ್ಲೇ ಕೇಳಿದರು. ಬರೆಯಿರಿ ಎಂದರು ಇನ್ಸ್‌ಪೆಕ್ಟರ್.

ದೋಷಾರೋಪ ಪಟ್ಟಿ ಇಪ್ಪತ್ತೆರಡನೇ ದಿನ ಸಲ್ಲಿಕೆಯಾಯಿತು. ಆಕೆ ತಪ್ಪೊಪ್ಪಿಕೊಂಡಳು, ವಕೀಲರನ್ನು ಇಟ್ಟುಕೊಳ್ಳಲಿಲ್ಲ. ಮೂರು ತಿಂಗಳ ಸಾದಾ ಸಜೆಯಾಯಿತು. ಇನ್ನೊಬ್ಬರ ಕೈವಾಡ ಸಾಬೀತಾದ ಕಾರಣ ಸಾರಿಗೆ ಕಚೇರಿ ನೋಟಿಸನ್ನು ಹಿಂತೆಗೆದುಕೊಂಡಿತು. ಶಾಲೆ ನಡೆಯುತ್ತಿದೆ.